ಕಲ್ಲಿಗೆ ಬೇಕಾದ ಮಾತು

ಮೆಡಲಿನ ಸಂದಿಯಲ್ಲಿ ಹೋದ ವರ್ಷದ ಕುಂಕುಮ ಇನ್ನೂ ಸಿಕ್ಕಿಕೊಂಡಿತ್ತು. ಗಂಗಾ ಬೆಳಿಗ್ಗೆ ಎದ್ದವಳೇ ಅದನ್ನು ದೇವರ ಜಗಲಿಯಿಂದ ಇಳಿಸಿ, ಅಂಗೈಯಲ್ಲಿ ವಿಭೂತಿ ಪುಡಿ ಮಾಡಿಕೊಂಡು ತಿಕ್ಕುತ್ತ ಕೂತಿದ್ದಳು. ಆಯುಧಪೂಜೆಯ ದಿನ ಕುಡುಗೋಲು, ಕೊಡಲಿ, ಮಗನ ಬೈಕು ಇವುಗಳ ಸಾಲಿನಲ್ಲಿ ಇದನ್ನೂ ಇಟ್ಟು ಕಾಯಿ ಒಡೆಸುವವಳು ಅವಳೇ, ಆಮೇಲೆ ಒರೆಸದೆ ಬಿಡುವವಳೂ ಅವಳೇ. ಕಸಬರಿಗೆಯ ಕಡ್ಡಿಯಿಂದ ಕುಂಕುಮ ಕೆದರುತ್ತ, "ಇವತ್ತರ ಬಿಲ್ಲಿ ಹಚ್ಚಿಕೊಂಡ ಹೋಗ್ರಿ. ಕುಷ್ಟಗಿ ಅಮ್ಮಾರು ನೋಡಿ ಖುಷಿ ಆಗತಾರ" ಎಂದಳು. ಹನುಮೇಶ ಬೂಟಿನ ದಾರ ಬಿಗಿಯುತ್ತ, "ಕಲ್ಲು ಕೆತ್ತೋ ಅಂಗಡಿಗೆ ಹೊಂಟೀನಿ, ಪರೇಡಿಗಲ್ಲ" ಅಂದ. "ನಿಮ್ಮದ್ಯಾವಾಗಲೂ ಹಿಂಗ. ಮಂದಿ ಪಂಚಾಯ್ತಿ ಮೆಂಬರಾದ್ರ ಊರ ತುಂಬ ಬ್ಯಾನರ್ ಕಟ್ಟತಾರ. ನೀವು ಜೀಂವದ ಹಂಗು ಬಿಟ್ಟು ತಂದದ್ದನ್ನ ಕಳವು ಮಾಡಿದವ್ರಂಗ ಮುಚ್ಚಿಡತೀರಿ." ಅವಳಿಗೆ ಏನೂ ಗೊತ್ತಿಲ್ಲ. ಏನೂ ಗೊತ್ತಿಲ್ಲದೆಯೇ ಮೊಳೆಯನ್ನು ಸರಿಯಾದ ಜಾಗಕ್ಕೇ ಹೊಡೆಯುವುದು ಹೆಂಡಂದಿರಿಗೆ ಅದು ಹೇಗೆ ಸಾಧ್ಯವಾಗುತ್ತದೋ ಎಂದು ಹನುಮೇಶನಿಗೆ ಇಪ್ಪತ್ತು ವರ್ಷದಿಂದ ಆಶ್ಚರ್ಯ. ಮೆಡಲನ್ನು ಇಸಿದುಕೊಂಡು ಪ್ಯಾಂಟಿನ ಬಲಗಿಸೆಗೆ ಹಾಕಿದ. ಎಡಗಿಸೆಯಲ್ಲಿ, ಬ್ಯಾಂಕಿನ ಚಲನ್ನಿನ ಹಿಂಬದಿಗೆ ಬರೆದುಕೊಂಡ ಒಂದು ಚೀಟಿ ಇತ್ತು.

ಕುಷ್ಟಗಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ತನ್ನೂರಿನ ಸ್ಟಾಪಿನಲ್ಲಿ ಅವನು ಹತ್ತಿದ್ದೇ ತಡ, ಕಿಟಕಿ ಪಕ್ಕ ಕೂತಿದ್ದ ಬಾಬಾಸಾಬ ಎದ್ದುನಿಂತು, "ಬರ್ರಿ ಮಿಲ್ಟ್ರಿಯವರ, ಕುಂದರ್ರಿ. ದೇಶಾ ಕಾಯ್ದವರು ನಿಂತರ ನಮಗ ಪಾಪ ಹತ್ತತೈತಿ" ಎಂದು ತನ್ನ ಸೀಟು ಬಿಟ್ಟುಕೊಟ್ಟ. ಬಾಬಾಸಾಬ ಅವನಿಗಿಂತ ಹತ್ತು ವರ್ಷ ದೊಡ್ಡವ, ಮೊಣಕಾಲು ನೋವಿನವ. ಬೇಡವೆಂದರೆ ಇಡೀ ಬಸ್ಸೇ ಮಾತಾಡುತ್ತದೆ, ಕೂತರೆ ಬಾಬಾಸಾಬ ಕುಷ್ಟಗಿಯವರೆಗೂ ನಿಂತಿರುತ್ತಾನೆ. ಹನುಮೇಶ ಕೂತ. ಕೂತಾಗ ಕಿಸೆಯಲ್ಲಿದ್ದ ಮೆಡಲಿನ ಪಿನ್ನು ಬಿಚ್ಚಿಕೊಂಡು ತೊಡೆಗೆ ಚುಚ್ಚಿತು. ಇಂಥ ಸೀಟುಗಳು ಅವನಿಗೆ ಎಷ್ಟು ಸಿಕ್ಕಿವೆ! ಹೈಸ್ಕೂಲಿನ ಧ್ವಜವಂದನೆಯಲ್ಲಿ ಹೆಡ್‌ಮಾಸ್ತರರ ಪಕ್ಕದ ಸೀಟು, ಮದುವೆಗಳಲ್ಲಿ ಮೊದಲ ಪಂಕ್ತಿಯ ಎಲೆ. ಯಲಬುರ್ಗಾದ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸಕ್ಕೆ ಸೇರಿದಾಗ ಮೊದಲ ದಿನವೇ ಮ್ಯಾನೇಜರು ಗಿರಾಕಿಗಳ ಎದುರು, ಇವರು ಕಾರ್ಗಿಲ್ ವೀರರು ಎಂದು ಪರಿಚಯ ಮಾಡಿಸಿದ್ದರು. ಮರುದಿನದಿಂದ ಅದೇ ಗಿರಾಕಿಗಳು, "ಅಂಕಲ್, ಈ ಫಾರ್ಮ್ ತುಂಬಿ ಕೊಡ್ರಿ" ಎಂದು ಅವನ ಕೈಗೆ ಪೆನ್ನು ಕೊಡತೊಡಗಿದರು. ಆ ಅಂಕಲ್ ಎಂಬ ಮಾತು ಅವನಿಗೆ ಎಷ್ಟೋ ಹಿತವಾಗಿತ್ತು. ವೀರ ಅಂದರೆ ಮಾತ್ರ ಬಂದೂಕು ಸರಿಮಾಡಿಕೊಳ್ಳುವ ನೆಪದಲ್ಲಿ ಬಾಗಿಲಾಚೆ ಹೋಗುತ್ತಿದ್ದ.

ಎಂಟು ದಿನದ ಹಿಂದೆ ಜಾಸ್ಮೀನ ಫೋನು ಮಾಡಿದ್ದಳು. ಜಾಸ್ಮೀನ ಅಂದರೆ ಕಾರ್ಗಿಲ್ಲಿನಲ್ಲಿ ಅವನ ಆಫೀಸರಾಗಿದ್ದು ಅಲ್ಲೇ ತೀರಿಕೊಂಡ ಲೆಫ್ಟಿನೆಂಟ್ ಮಂಜೂರ ಸಾಹೇಬರ ತಂಗಿ, ಕುಷ್ಟಗಿಯಲ್ಲಿ ಟೀಚರು. ಅಣ್ಣನ ಹೆಸರಿನಲ್ಲಿ ಬಸ್‌ಸ್ಟ್ಯಾಂಡಿನ ಹೊರಗೆ ಕುಡಿಯುವ ನೀರಿನ ಅರವಟಿಗೆ ಕಟ್ಟಿಸುತ್ತಿದ್ದಾರೆ, ತಾಯಿಯ ಬಹಳ ದಿನದ ಆಸೆ. ಎದುರಿಗೆ ಕಲ್ಲು ನಿಲ್ಲಿಸುತ್ತಾರೆ, ಕಲ್ಲಿನ ಮೇಲೆ ಅಣ್ಣ ಸಾಯುವಾಗ ಆಡಿದ ಮಾತು ಬರೆಸುತ್ತಾರೆ. "ಅಣ್ಣಾರ, ವೀರಚಕ್ರದ ಕಾಗದದಾಗ ಇಂಗ್ಲಿಷಿನಾಗ ಐತಿ. ಪೇಪರಿನವರು ತಮಗ ತಿಳಿದಂಗ ಕನ್ನಡಾ ಮಾಡ್ಯಾರ. ಆದ್ರ ನಮ್ಮಣ್ಣ ಅಂದದ್ದು ಕನ್ನಡದಾಗ ಹೌದಲ್ರಿ? ಕೇಳಿದವರು ನೀವೊಬ್ಬರ. ಅವ ಹೆಂಗ ಅಂದಿದ್ನೋ ಹಂಗ, ಶಬ್ದಕ್ಕ ಶಬ್ದ ಬೇಕಂತ ನಮ್ಮಮ್ಮ ಹಟಾ ಹಿಡದಾಳ." ಹನುಮೇಶ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದ. ಇಪ್ಪತ್ತೈದು ವರ್ಷದಲ್ಲಿ ಮೇಜರು ಕೇಳಿದ್ದರು, ಪತ್ರಿಕೆಯವರು ಕೇಳಿದ್ದರು, ಸಾಲಿಯ ಹುಡುಗರು ಕೇಳಿದ್ದರು. ಎಲ್ಲರೂ ಅರ್ಥ ಕೇಳಿದ್ದರೇ ಹೊರತು ಮಾತು ಕೇಳಿದವರು ಒಬ್ಬರೂ ಇರಲಿಲ್ಲ. ಹೇಳ್ತೀನವ್ವ, ಬರ್ತೀನಿ ಎಂದುಬಿಟ್ಟ.

ಆಮೇಲೆ ಎಂಟು ದಿನ ಅವನು ಬರೆದ. ಕೆಲಸದ ನಡುವೆ ಸ್ಟೂಲಿನ ಮೇಲೆ ಕೂತು, ಚಲನ್ನುಗಳ ಹಿಂಬದಿಗೆ, ಸತ್ತವನ ಬಾಯಿಗೆ ಹಾಕಲು ಮಾತು ಹುಡುಕುತ್ತ ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಸುಳ್ಳು ಹೇಳುವುದು ಅವನಿಗೆ ಹೊಸದಾಗಿರಲಿಲ್ಲ. ಆದರೆ ಅದು ಬೇರೆ ಭಾಷೆಯಲ್ಲಿ ಹೇಳಿದ್ದಾಗಿತ್ತು. ಒಮ್ಮೆ ಹಿಂದಿಯಲ್ಲಿ ಹೇಳಿದ, ಮೇಜರು ಇಂಗ್ಲಿಷಿಗೆ ತಿರುಗಿಸಿದರು, ಅದು ಅವನಿಂದ ದೂರ ಹೋಗಿ ಸರ್ಕಾರದ ಮಾತಾಗಿಬಿಟ್ಟಿತು. ಈಗ ಅದೇ ಸುಳ್ಳನ್ನು ಮಂಜೂರ ಸಾಹೇಬರ ದನಿಯಲ್ಲಿ, ಕುಷ್ಟಗಿಯ ಕನ್ನಡದಲ್ಲಿ ಕೂಡಿಸಲು ಹೋದರೆ ಒಂದಕ್ಷರವೂ ಕೂಡುತ್ತಿರಲಿಲ್ಲ. ಆ ದನಿ ತನ್ನ ಮಾತನ್ನೇ ಆಡುತ್ತಿತ್ತು, ಅವನ ಮಾತನ್ನು ಆಡಲು ಒಪ್ಪುತ್ತಿರಲಿಲ್ಲ. ಕೊನೆಗೆ ಪುಸ್ತಕದ ಕನ್ನಡದಲ್ಲಿ ಒಂದು ಸಾಲು ಬರೆದು ಮಡಚಿಟ್ಟ.

ಯಾ ಊರಲೇ ನಿಂದು? ಮಂಗಳೂರು, ಸಾಬ್. ಸಮುದ್ರದ ಮಂಗಳೂರೋ, ಯಲಬುರ್ಗಾದ ಮಂಗಳೂರೋ? ಬಸ್ಸಿನ ಕಿಟಕಿಯಲ್ಲಿ ಬಿತ್ತದ ಎರೆಹೊಲಗಳು ಓಡುತ್ತಿದ್ದವು, ಹನುಮೇಶನಿಗೆ ಕಾಣುತ್ತಿದ್ದದ್ದು ಬರ್ಫದ ಬೆಟ್ಟದ ಕೆಳಗಿನ ಒಂದು ಟೆಂಟು. ಸಿಗ್ನಲ್ಸ್ ವಿಭಾಗದಿಂದ ರೇಡಿಯೋ ಹೊರಲೆಂದು ಉತ್ತರದವರ ಪಲ್ಟನ್ನಿಗೆ ಕಳಿಸಿದ್ದ ಅವನಿಗೆ ಆರು ತಿಂಗಳಲ್ಲಿ ಕನ್ನಡದ ಒಂದು ಶಬ್ದ ಕಿವಿಗೆ ಬಿದ್ದಿರಲಿಲ್ಲ. ಹೊಸದಾಗಿ ಬಂದ, ಇನ್ನೂ ಮೀಸೆ ಸರಿಯಾಗಿ ಬಲಿಯದ ಮಂಜೂರ ಸಾಹೇಬರು ಹಾಜರಿ ಹಾಕುವಾಗ ಆ ಪ್ರಶ್ನೆ ಕೇಳಿದ್ದೇ ತಡ ಹನುಮೇಶನಿಗೆ ಸಾವಧಾನ್ ಭಂಗಿಯಲ್ಲಿ ನಿಂತೇ ನಗು ಉಕ್ಕಿತ್ತು. ಜಗತ್ತಿನಲ್ಲಿ ಆ ಪ್ರಶ್ನೆ ಕೇಳಲು ಬರುವುದು ಇತ್ತಕಡೆಯವರಿಗೆ ಮಾತ್ರ. ಮಂಜೂರ ಸಾಹೇಬರ ತಂದೆ ಕುಷ್ಟಗಿಯಲ್ಲಿ ಕನ್ನಡ ಮಾಸ್ತರು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಅವರು ಜವಾನರಿಗೆ ಹಿಂದಿಯಲ್ಲಿ ಹುಕುಂ ಕೊಡುತ್ತಿದ್ದರು, ಮೇಜರಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು, ಯಾರಿಗೂ ತಿಳಿಯಬಾರದ್ದನ್ನು ಹನುಮೇಶನಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ಬೂಟು ಕಚ್ಚಿ ಹಿಮ್ಮಡಿ ಹಣ್ಣಾಗೇತಿ. ಈ ದಾಲ್ ನುಂಗಾಕ ಆಗವಲ್ದು, ಒಂದು ಕಟಿರೊಟ್ಟಿ, ಒಂದು ಪುಂಡಿಪಲ್ಲೆ ಸಿಕ್ಕರ ಸಾಕಲೇ. ಗುಡ್ಡ ಹತ್ತುವ ಹಿಂದಿನ ಸಂಜೆ, ಜವಾನರ ಎದುರಿಗೇ, ನಗುನಗುತ್ತ, ಹವಾಮಾನದ ಸುದ್ದಿ ಹೇಳುವವರ ಹಾಗೆ ಅಂದಿದ್ದರು: "ಹನುಮೇಶಾ, ನನಗ ಭಾಳ ಅಂಜಿಕಿ ಬರಾಕತ್ತೈತಿ. ಮಾರಿ ಮ್ಯಾಲೆ ಕಾಣತೈತೇನು?" ಕಾಣಂಗಿಲ್ರಿ ಸಾಹೇಬ್ರ, ಎಂದು ಇವನೂ ನಗುತ್ತಲೇ ಹೇಳಿದ್ದ. ಪಕ್ಕದಲ್ಲಿದ್ದ ಹವಾಲ್ದಾರ, ಈ ಮದ್ರಾಸಿಗಳು ಏನು ಚೇಷ್ಟೆ ಮಾಡುತ್ತಾರೋ ಎಂದು ತಾನೂ ನಕ್ಕಿದ್ದ.

ಕುಷ್ಟಗಿಯಲ್ಲಿ ಇಳಿದಾಗ ಹನ್ನೊಂದರ ಬಿಸಿಲು ನೆತ್ತಿ ಸುಡುತ್ತಿತ್ತು. ಪರಮೇಶಿಯ ಕಲ್ಲಿನಂಗಡಿ ಇಳಕಲ್ ರಸ್ತೆಗೆ. ಅಂಗಡಿ ಅಂದರೆ ಒಂದು ತಗಡಿನ ಶೆಡ್ಡು, ಮುಂದೆ ಬಯಲು, ಬಯಲ ತುಂಬ ಗೋಡೆಗೆ ಒರಗಿಸಿದ ಕೆಂಪುಕಲ್ಲು, ಕರಿಕಲ್ಲು, ಅರ್ಧ ಕೆತ್ತಿದ ನಂದಿ, ಯಾರದೋ ಮನೆಯ ಹೆಸರು. ಪಕ್ಕದ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಮಷಿನ್ನು ಹಲ್ಲು ಜುಮ್ಮೆನ್ನುವಂತೆ ಚೀರುತ್ತಿತ್ತು. ಬೇವಿನ ಗಿಡದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಂಜೂರ ಸಾಹೇಬರ ತಾಯಿ ನೂರಜಾನಬಿ ಸೆರಗು ತಲೆತುಂಬ ಹೊದ್ದು, ಬಡಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದಳು. ಎಪ್ಪತ್ತೈದು ದಾಟಿದ ಜೀವ. "ಬಾಪಾ ಹನುಮೇಶ. ಜಾಸ್ಮೀನ ಟ್ರೇನಿಂಗ್ ಅಂತ ಕೊಪ್ಪಳಕ್ಕ ಹೋಗ್ಯಾಳ, ಆಟೋ ಮಾಡ್ಕೊಂಡ ನಾನ ಬಂದೆ. ಕುಂದರಪಾ, ಕುಂದರು. ಬಿಸಲಾಗ ಬಂದೀ." ಬರಿಯ ಈ ಕುಂದರಪಾ ಎಂಬ ಒಂದು ಮಾತಿಗೆ ಅವನ ಬೆನ್ನು ಬಾಗುತ್ತಿತ್ತು.

ಪ್ರತಿವರ್ಷ ಜೂನಿನಲ್ಲಿ ಮಗ ಸತ್ತ ತಾರೀಕಿಗೆ ಅವಳು ಅವನನ್ನು ಮನೆಗೆ ಕರೆಯುತ್ತಿದ್ದಳು. ಮೊದಲು ನೀರು, ಆಮೇಲೆ ಊಟ, ಆಮೇಲೆ ಚಹಾ. ಚಹದ ಲೋಟ ಕೆಳಗಿಟ್ಟ ಮೇಲೆ ಸೆರಗು ಸರಿಮಾಡಿಕೊಂಡು, ನಮಾಜಿಗೆ ಕೂತವಳ ಹಾಗೆ ಕಣ್ಣು ಕೆಳಗಿಟ್ಟು, "ಹೇಳಪಾ" ಅನ್ನುವಳು. ಅವನು ಹೇಳುವನು. ಮೊದಲ ವರ್ಷ ಐದೇ ಮಾತಿನಲ್ಲಿ ಮುಗಿದದ್ದು ಈಗ ಅರ್ಧ ತಾಸಿಗೆ ಬೆಳೆದಿತ್ತು. ಗಾಳಿ ಬಂತು, ಚುಕ್ಕಿ ಬಂದವು, ಮಂಜೂರ ಸಾಹೇಬರು ಹೊರಡುವ ಮುಂಚೆ ತಾಯಿಯನ್ನು ನೆನೆಸಿದ್ದು ಬಂತು. ಅದನ್ನು ಅವನು ಯಾವ ವರ್ಷ ಸೇರಿಸಿದನೋ ಅವನಿಗೇ ನೆನಪಿಲ್ಲ, ಅವಳ ಮುಖ ಅರಳಿದ್ದು ನೋಡಿ ತೆಗೆಯಲಾಗಲಿಲ್ಲ. ಕೊನೆಗೆ, ತಮ್ಮನ್ನ ಬಿಟ್ಟು ಮುಂದ ಹೋಗಾಕ ಹೇಳಿದ್ರು ಎಂದು ಅರ್ಥವನ್ನಷ್ಟೇ ಹೇಳಿ ಮುಗಿಸಿದಾಗ ಅವಳು ಪ್ರತಿಸಲವೂ ಒಂದೇ ಮಾತು ಕೇಳುವಳು: "ಮತ್ತ?" ಅಷ್ಟರಿ ಅಮ್ಮಾರ, ಎಂದು ಅವನು. ಅವಳು ಇನ್ನೊಂದು ಗಳಿಗೆ ಕಾಯುವಳು. ಆ ಒಂದು ಗಳಿಗೆಗೆ ಹೆದರಿ ಅವನು ಎರಡು ವರ್ಷ ಮೈಯಲ್ಲಿ ಹುಷಾರಿಲ್ಲವೆಂದು ಹೋಗದೆ ತಪ್ಪಿಸಿಕೊಂಡಿದ್ದ. ಎರಡೂ ಸಲ ಜಾಸ್ಮೀನಳ ಕೈಲಿ ಊಟದ ಡಬ್ಬಿ ಅವನ ಬ್ಯಾಂಕಿನ ಬಾಗಿಲಿಗೇ ಬಂದಿತ್ತು.

"ಅಮ್ಮಾರ, ಸಾಹೇಬ್ರ ಹೆಸರಿಲೆ ಸಾಲಿಗೆ ರೂಮು ಕಟ್ಟಿಸಬಹುದಿತ್ತು. ನೀರಿಂದ ಯಾಕ?" ಎಂದು ಕೇಳಿದ. ಕೇಳಬಾರದಿತ್ತು, ಹಲ್ಲು ನೋಯುವ ಜಾಗಕ್ಕೇ ನಾಲಿಗೆ ಹೊರಳಿತು. ನೂರಜಾನಬಿ, "ನಮ್ಮೊಳಗ ಹಂಗ ಐತಪಾ. ಸತ್ತವರ ಹೆಸರಿಲೆ ನೀರು ಕುಡಿಸಿದ್ರ ಅವರ ಗಂಟಲಾ ತಂಪಾಗತೈತಿ ಅಂತಾರ. ಜೀಂವಾ ಹೋಗೋ ಹೊತ್ತಿನ್ಯಾಗ ಯಾರಿಗರ ನೀರಡಿಕಿ ಆಗದ ಇರತೈತೇನು? ನಾನು ಹತ್ರ ಇದ್ದಿದ್ರ ಒಂದು ಚಮಚಾ ಬಾಯಿಗೆ ಬಿಡತಿದ್ನಿ" ಎಂದಳು. ದುಃಖವಿರಲಿಲ್ಲ ಆ ಮಾತಿನಲ್ಲಿ, ಅಡುಗೆಯ ವಿಷಯ ಹೇಳಿದ ಹಾಗಿತ್ತು. ಹನುಮೇಶ ಶೆಡ್ಡಿನ ಮೂಲೆಯ ನೀರಿನ ಮಡಕೆ ನೋಡಿದ. ಮೇಲೆ ಸ್ಟೀಲಿನ ಗ್ಲಾಸು ಬೋರಲು ಹಾಕಿತ್ತು. ಅವನಿಗೆ ಬಾಯಾರಿತ್ತು, ಹೋಗಿ ಕುಡಿಯಲು ಆಗಲಿಲ್ಲ.

ಅವತ್ತು ನೀರಿತ್ತು. ಇರಲಿಲ್ಲ ಎಂದುಕೊಳ್ಳಲು ಅವನು ಏನೇನೋ ಪ್ರಯತ್ನ ಮಾಡಿ ಸೋತಿದ್ದ. ಆ ಎತ್ತರದಲ್ಲಿ ಬಾಟಲಿಯ ನೀರು ಗಡ್ಡೆ ಕಟ್ಟುತ್ತದೆಂದು ಎಲ್ಲರೂ ಕೋಟಿನ ಒಳಗೆ ಎದೆಗೆ ಆನಿಸಿ ಇಟ್ಟುಕೊಳ್ಳುತ್ತಿದ್ದರು. ಅವನದೂ ಅಲ್ಲೇ ಇತ್ತು, ಅರ್ಧಕ್ಕಿಂತ ಹೆಚ್ಚು, ಮೈಯ ಕಾವಿಗೆ ಬೆಚ್ಚಗೆ. ನಸುಕು ಹರಿಯುತ್ತಿತ್ತು. ಮಂಜೂರ ಸಾಹೇಬರು ಒಬ್ಬರೇ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಮೊದಲನೆಯ ಬಂಕರಿಗೆ ಎರಡು ಗ್ರೆನೇಡು ಹಾಕಿದ್ದನ್ನು ಅವನು ತನ್ನ ಕಣ್ಣಿನಿಂದಲೇ ನೋಡಿದ್ದ. ಅದು ಸತ್ಯ. ವೀರಚಕ್ರಕ್ಕೆ ಅಷ್ಟೇ ಸಾಕಾಗಿತ್ತು. ಸಂಜೆ ಅಂಜಿಕೆ ಎಂದವರು ಬೆಳಗಾಗುವ ಮುಂಚೆ ಹಾಗೆ ಹೋದರಲ್ಲ, ಅದಕ್ಕೆ ಎರಡು ಚಕ್ರ ಕೊಟ್ಟರೂ ಕಡಿಮೆಯೇ. ಆಮೇಲೆ ಎಡಗಡೆಯ ಎರಡನೆಯ ಬಂಕರಿನಿಂದ ಗುಂಡು ಬಂದು ಹೊಟ್ಟೆಗೆ ಹೊಕ್ಕಿತು, ಅವರು ಒಂದು ಸಣ್ಣ ಕಲ್ಲಿನ ಪಕ್ಕ ಬಿದ್ದರು. ಸ್ವಲ್ಪ ಹೊತ್ತಿಗೆ ದನಿ ಬಂತು. ಕನ್ನಡದಲ್ಲಿ. ಹಿಂದಿಯಲ್ಲಿ ಕೂಗಿದ್ದರೆ ಇಪ್ಪತ್ತು ಜನಕ್ಕೆ ತಿಳಿಯುತ್ತಿತ್ತು, ಇಪ್ಪತ್ತರಲ್ಲಿ ಒಬ್ಬನಾದರೂ ಎದ್ದು ಹೋಗುತ್ತಿದ್ದ. ಹಿಂದಿ ಅವರಿಗೆ ಹನುಮೇಶನಿಗಿಂತ ಚೆನ್ನಾಗಿ ಬರುತ್ತಿತ್ತು. ಯಾಕೆ ಕನ್ನಡದಲ್ಲಿ ಕರೆದರು ಎಂಬುದು ಅವನಿಗೆ ಆಗಲೇ ಗೊತ್ತಿತ್ತು: ತಮ್ಮ ಆಫೀಸರು ಅಂಗಲಾಚುತ್ತಿದ್ದಾನೆಂದು ಜವಾನರಿಗೆ ತಿಳಿಯಬಾರದಿತ್ತು. ಅಂಜಿಕೆಯನ್ನು ಹೇಳಿಕೊಂಡ ಹಾಗೆ ಅದನ್ನೂ ಒಬ್ಬನಿಗೇ ಹೇಳಿಕೊಂಡರು. ಒಂದು ತಾಸು ಹೇಳಿಕೊಂಡರು. ಹವಾಲ್ದಾರ ಕಲ್ಲಿನ ಮರೆಯಿಂದ ಹಿಂದಿಯಲ್ಲಿ ಕೇಳಿದ: ಸಾಹೇಬರು ಏನು ಹೇಳುತ್ತಿದ್ದಾರೆ? ಇದ್ದದ್ದನ್ನು ಹೇಳಿದ್ದರೆ ಅವನು, ಹಾಗಿದ್ದರೆ ನೀನೇ ಹೋಗು, ಹತ್ತಿರ ಇರುವವನು ನೀನೇ, ನಿನ್ನ ಹೆಸರೇ ಕರೆಯುತ್ತಿದ್ದಾರೆ ಅನ್ನುತ್ತಿದ್ದ. ಹನುಮೇಶ ಮುಖವನ್ನು ನೆಲಕ್ಕೆ ಒತ್ತಿಕೊಂಡೇ, ನನ್ನನ್ನು ಬಿಡಿ, ಮುಂದೆ ಹೋಗಿ ಅನ್ನುತ್ತಿದ್ದಾರೆ ಎಂದ. ಆ ಮಾತು ಕೇಳಿದ್ದೇ ಪ್ಲಟೂನಿಗೆ ಏನೋ ಹೊಕ್ಕಂತಾಯಿತು. ಹವಾಲ್ದಾರ ಹೋ ಎಂದು ಎದ್ದ, ಹುಡುಗರು ಎದ್ದರು, ಎರಡನೆಯ ಬಂಕರೂ ಹೋಯಿತು, ಗುಡ್ಡ ಗೆದ್ದಾಯಿತು. ಹವಾಲ್ದಾರ ಹಿಂತಿರುಗಲಿಲ್ಲ. ಎಲ್ಲ ಮುಗಿದ ಮೇಲೆ ಹನುಮೇಶ ರೇಡಿಯೋ ಇಳಿಸಿಟ್ಟು ಹೋಗಿ ಮಂಜೂರ ಸಾಹೇಬರನ್ನು ಬೆನ್ನ ಮೇಲೆ ಹಾಕಿಕೊಂಡು ಬಂದ. ಮೂವತ್ತೊಂದು ಹೆಜ್ಜೆ. ಇನ್ನೂ ಅಲ್ಲೊಂದು ಇಲ್ಲೊಂದು ಗುಂಡು ಹಾರುತ್ತಿತ್ತು, ಅದಕ್ಕೇ ಇವನಿಗೆ ಸೇನಾ ಮೆಡಲ್ ಬಂತು. ಜೀವವಿದ್ದಾಗ ಹೋಗದವನು ಹೆಣಕ್ಕೆ ಹೋಗಿ ಬಿಲ್ಲೆ ತಂದ. ಹೊಟ್ಟೆಗೆ ಗುಂಡು ಬಿದ್ದವರಿಗೆ ನೀರು ಕೊಡಲೇಬಾರದು ಎಂದು ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಯಾವುದೋ ಮಾತಿಗೆ ಅಂದಿದ್ದನ್ನು ಅವನು ಎಷ್ಟೋ ವರ್ಷ ತಾಯಿತದ ಹಾಗೆ ಕಟ್ಟಿಕೊಂಡು ಓಡಾಡಿದ. ಅದೂ ಉಪಯೋಗಕ್ಕೆ ಬರಲಿಲ್ಲ. ಅವತ್ತು ಅವನಿಗೆ ಆ ವೈದ್ಯಶಾಸ್ತ್ರ ಗೊತ್ತಿರಲಿಲ್ಲ.

"ಎಲ್ಲೈತ್ರಿ ಮ್ಯಾಟರು? ಕೊಡ್ರಿ, ಕೊಡ್ರಿ" ಎಂದು ಪರಮೇಶಿ ಮೈಮೇಲಿನ ಕಲ್ಲಿನ ಪುಡಿ ಝಾಡಿಸುತ್ತ ಶೆಡ್ಡಿನಿಂದ ಹೊರಬಂದ. ನಲವತ್ತರ ಆಸುಪಾಸಿನ, ಬಾಯಿ ಸುಮ್ಮನಿಡಲು ಬಾರದ ಮನುಷ್ಯ. ಹನುಮೇಶ ಚೀಟಿ ತೆಗೆದುಕೊಟ್ಟ. ಪರಮೇಶಿ ಅದನ್ನು ದೂರ ಹಿಡಿದು ದೊಡ್ಡ ದನಿಯಲ್ಲಿ ಓದಿದ: "ನನ್ನ ಚಿಂತೆ ಬಿಡಿ, ವೀರ ಯೋಧರೇ, ತಾಯ್ನಾಡಿಗಾಗಿ ಮುನ್ನುಗ್ಗಿರಿ." ಓದಿ ಮುಗಿಸಿ ಹನುಮೇಶನ ಮುಖ ನೋಡಿದ, ಮತ್ತೆ ಚೀಟಿ ನೋಡಿದ. "ಸಾಹೇಬ್ರ, ಸಿಟ್ಟ ಮಾಡಬ್ಯಾಡ್ರಿ. ಇದು ಹದಿನೈದು ಆಗಸ್ಟಿಗೆ ಸಾಲಿ ಹುಡುಗ್ರು ಮಾಡೋ ಭಾಷಣ ಆತು. ನಮ್ಮ ಕುಷ್ಟಗಿಯಂವ ಕಾಲಿಗೆ ಮುಳ್ಳು ಚುಚ್ಚಿದ್ರ ಯಪ್ಪಾ ಯವ್ವಾ ಅಂತಾನ. ಗುಂಡು ಬಿದ್ದಾಗ ಮುನ್ನುಗ್ಗಿರಿ ಅಂತಾನೇನ್ರಿ? ನಾ ದಿನಾ ಹತ್ತು ಮಂದಿ ಮಾತು ಕಲ್ಲಿಗೆ ಹಾಕಾಂವ, ನನಗ ಗೊತ್ತಾಗತೈತಿ. ಕಲ್ಲು ಸುಳ್ಳ ಹಿಡಿಯಂಗಿಲ್ಲ ಅಂತಿದ್ದ ನಮ್ಮಪ್ಪ. ಅವರು ಹೆಂಗ ಅಂದ್ರೋ ಹಂಗ ಹೇಳ್ರಿ, ಹಂಗ ಬರೀತೀನಿ." ಹೇಳುವಾಗ ಅವನು ನಗುತ್ತಿದ್ದ. ನೂರಜಾನಬಿ ನಗಲಿಲ್ಲ. ಬಡಿಗೆಯನ್ನು ನೆಲಕ್ಕೂರಿ, ಕಣ್ಣು ಕೆಳಗಿಟ್ಟು, "ಹೇಳಪಾ" ಎಂದಳು.

ಹೇಳುತ್ತೇನೆಂದು ಅವನು ತೀರ್ಮಾನ ಮಾಡಲಿಲ್ಲ. ಇನ್ನೊಂದು ಸುಳ್ಳಿಗೆ ಬಾಯಿ ತೆರೆದ. ಒಳಗೆ ಬೇರೆ ಮಾತೇ ಇರಲಿಲ್ಲ. ಇಪ್ಪತ್ತೈದು ವರ್ಷ ಒಂದೇ ಮಾತು ಅಲ್ಲಿ ಕೂತಿತ್ತು, ಬಾಗಿಲು ತೆರೆದದ್ದೇ ಹೊರಗೆ ಬಂತು. ಬರುವಾಗ ಮಂಜೂರ ಸಾಹೇಬರ ರಾಗದಲ್ಲೇ ಬಂತು, ಕೊನೆಗೆ ಎಳೆಯುವ ಆ ಎಳೆತದ ಸಮೇತ.

"ಹನುಮೇಶಾ, ಒಂದೀಟು ನೀರು ಕೊಡೋ ಯಪ್ಪಾ."

ಪಕ್ಕದ ಮಷಿನ್ನು ಚೀರುತ್ತಲೇ ಇತ್ತು. ಹನುಮೇಶ ಕಾದ. ಕಲ್ಲುಗಳು ಮೈಮೇಲೆ ಬೀಳಬಹುದು, ಬೀಳಲಿ, ಎಂದು ಕಾದ. ಪರಮೇಶಿ ಬಾಯಿ ತೆರೆದು ನಿಂತವನು ಒಮ್ಮೆಲೇ ಚಪ್ಪಾಳೆ ತಟ್ಟಿದ. "ಅಬಾಬಾ! ಇದು ನೋಡ್ರಿ ಮಾತು! ಇದನ್ನ ಬಿಟ್ಟು ಅದನ್ಯಾಕ ಬರಕೊಂಡು ಬಂದಿದ್ರಿ? ಅರವಟಗಿಗೆ ಇದಕ್ಕಿಂತ ಛಲೋ ಮಾತು ಎಲ್ಲಿ ಸಿಗತೈತ್ರಿ? ಸಾಯೋ ಹೊತ್ತಿನ್ಯಾಗ ಗೆಳೆಯಾನ ಕೈಯಾಗ ನೀರು ಕುಡದ್ರು ಅಂತ ಬಸ್ಸಿಗೆ ನಿಂತ ಮಂದಿ ಕಣ್ಣೀರ ಹಾಕ್ತಾರ." ಅಂದವನೇ ಸುಣ್ಣದ ಕಡ್ಡಿ ತೆಗೆದುಕೊಂಡು ಗೋಡೆಗೆ ಒರಗಿಸಿದ್ದ ಕೆಂಪುಕಲ್ಲಿನ ಮೇಲೆ ದಪ್ಪಕ್ಷರದಲ್ಲಿ ಬರೆಯತೊಡಗಿದ. ಹನುಮೇಶಾ, ಎಂದು ಮೊದಲ ಸಾಲು. ಒಂದೀಟು ನೀರು ಕೊಡೋ ಯಪ್ಪಾ, ಎಂದು ಎರಡನೆಯದು. "ನೋಡ್ರಿ ಸಾಹೇಬ್ರ, ನಿಮ್ಮ ಹೆಸರೂ ಕಲ್ಲಿನ್ಯಾಗ ಉಳೀತು. ಎಂಥಾ ಮೆಡಲ್ ಬಂದ್ರೂ ಇದಕ್ಕ ಸರಿ ಹೋಗಂಗಿಲ್ಲ" ಎಂದು ಹಿಂದೆ ಸರಿದು ನಿಂತು ಮೆಚ್ಚಿಕೊ‍ಂಡ. ಸುಳ್ಳಿಗೆ ಬಿಲ್ಲೆ ಸಿಕ್ಕಿತ್ತು. ಈಗ ನಿಜ ಹೇಳಿದರೆ ಅದಕ್ಕೂ ಬಿಲ್ಲೆ ಮಾಡುತ್ತಿದ್ದಾರೆ. ನಾಚಿಕೆ ಪಡಲಾದರೂ ಬಿಡಿರೋ ಎಂದು ಹನುಮೇಶನಿಗೆ ಕೂಗಬೇಕೆನಿಸಿತು. ಅಷ್ಟರಲ್ಲಿ ಪರಮೇಶಿಯ ಫೋನು ಬಡಿದುಕೊಂಡಿತು, ಮಷಿನ್ನಿನ ಸಪ್ಪಳಕ್ಕೆ ಕೇಳಿಸದೆ ಅವನು ಫೋನು ಕಿವಿಗೊತ್ತಿಕೊಂಡು ರಸ್ತೆಯ ಕಡೆ ಹೋದ.

ನೂರಜಾನಬಿ ಕಲ್ಲನ್ನೇ ನೋಡುತ್ತಿದ್ದಳು. ಓದಲು ಬರುತ್ತಿತ್ತು ಅವಳಿಗೆ, ಮಾಸ್ತರರ ಹೆಂಡತಿ. ತುಟಿ ಅಲುಗಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆಮೇಲೆ ಅವನ ಕಡೆ ತಿರುಗದೆಯೇ ಕೇಳಿದಳು.

"ಕೊಟ್ಟಿ?"

"ಇಲ್ರಿ ಅಮ್ಮಾರ."

"ಇರಲಿಲ್ಲೇನು ನೀರು?"

"ಇತ್ತು."

"ದೂರ ಇದ್ದೇನು?"

"ಇಲ್ಲ."

"ಎಷ್ಟೊತ್ತು ಕರದಾ?"

"ತಾಸು."

"ಮುಂದ ಹೋಗ್ರಿ ಅಂದದ್ದು?"

"ಅದು ನಾ ಹೇಳಿದ್ದು. ನನಗ ಅಂಜಿಕಿ ಬಂದಿತ್ರಿ."

ಅವಳು ಬಯ್ಯಲಿ, ಬಡಿಗೆ ಎತ್ತಲಿ, ಬಯಲಿಗೆ ಕೇಳುವಂತೆ ಎದೆ ಬಡಿದುಕೊಳ್ಳಲಿ ಎಂದು ಅವನು ಬೇಡಿಕೊಂಡ. ಅವಳು ಏನೂ ಮಾಡಲಿಲ್ಲ. ಮುಖ ಸಣ್ಣದಾಗುತ್ತ ಸೆರಗಿನೊಳಗೆ ಹೋದ ಹಾಗೆ ಕಂಡಿತು, ಅಷ್ಟೇ. "ವರ್ಷಾ ವರ್ಷಾ ಮತ್ತ, ಮತ್ತ ಅಂತಿದ್ನಿ" ಎಂದಳು. "ಅಂವಗ ಮೊದಲಿಂದ ನೀರಡಿಕಿ ಭಾಳ. ಆಟಾ ಆಡಿ ಬಂದು ಕೊಡಾನ ಎತ್ತಿ ಕುಡೀತಿದ್ದ. ಆ ಮಾತು ಎಲ್ಲೂ ಬರಲಿಲ್ಲಲಾ ಅಂತ ನನಗ ಅನಸ್ತಿತ್ತು." ಬಡಿಗೆ ಊರಿ ಎದ್ದಳು. ಹನುಮೇಶ ಕೈಹಿಡಿಯಲು ಹೋದ, ಅವಳು ಹಿಡಿಸಿಕೊಳ್ಳಲಿಲ್ಲ. ಕಲ್ಲಿನ ಹತ್ತಿರ ಹೋಗಿ, ಅಂಗೈಯಿಂದ ಮೊದಲ ಸಾಲನ್ನು ಒರೆಸಿದಳು. ಕಲ್ಲು ಇನ್ನೂ ಹೊಳಪಿಗೆ ಬಂದಿರಲಿಲ್ಲ, ಸುಣ್ಣ ಬೇಗ ಹೋಗಲಿಲ್ಲ. ಸೆರಗಿನ ತುದಿಗೆ ಉಗುಳು ಹಚ್ಚಿ ತಿಕ್ಕಿದಳು. ನು ಹೋಯಿತು, ಮೇ ಹೋಯಿತು.

ಫೋನು ಮುಗಿಸಿ ಬಂದ ಪರಮೇಶಿ ಗಾಬರಿಯಾದ. "ಯಾಕ್ರಿ ಅಮ್ಮಾರ? ಹೆಸರು ಇದ್ರನ ಛಂದ. ಸಾಹೇಬ್ರು ನಾಚಿಕೊಂಡು ಬ್ಯಾಡ ಅಂದ್ರೇನು? ಅವರ ಮಾತು ಕೇಳಬ್ಯಾಡ್ರಿ."

"ಹೆಸರು ಬ್ಯಾಡಪಾ. ಒಂದೀಟು ನೀರು ಕೊಡೋ ಯಪ್ಪಾ, ಅಷ್ಟ ಬರಿ" ಎಂದಳು ನೂರಜಾನಬಿ. "ಹೆಸರು ಹಿಡದು ಕರದದ್ದು ಅವರಿಬ್ಬರ ನಡುವಿನ ಮಾತು. ಊರ ಮಂದಿಗ್ಯಾಕ?"

ಮಗನೂ ಇದನ್ನೇ ಮಾಡಿದ್ದ, ಮಾತನ್ನು ಇಬ್ಬರ ನಡುವೆಯೇ ಇಟ್ಟಿದ್ದ, ಎಂದು ಹನುಮೇಶನಿಗೆ ಹೊಳೆಯಿತು. ಹೆಸರು ಇರಲಿ ಅಮ್ಮಾರ, ಎಂದು ಹೇಳಬೇಕೆಂದು ಬಾಯಿಗೆ ಬಂತು. ಇದ್ದರೆ ಜನ ಹೊಗಳುತ್ತಾರೆ. ಅಳಿಸಿದರೆ ತಾನು ಇನ್ನೊಮ್ಮೆ ತಪ್ಪಿಸಿಕೊಂಡಂತೆ, ಅದೂ ಅವಳ ಸೆರಗಿನ ಮರೆಯಲ್ಲಿ. ಎರಡರಲ್ಲಿ ಯಾವುದನ್ನು ಬೇಡಿದರೂ ಅದು ತನಗಾಗಿಯೇ ಬೇಡಿದ್ದಾಗುತ್ತದೆ. ಇಷ್ಟು ವರ್ಷ ಒಂದು ದಿನ ಹೇಳಿಬಿಟ್ಟರೆ ಹಗುರಾಗುತ್ತೇನೆಂದು ತನಗೆ ತಾನೇ ಆಸೆ ತೋರಿಸಿಕೊಂಡು ಬಂದಿದ್ದ. ಹೇಳಿಯಾಯಿತು. ಹಗುರವೆನ್ನುವುದು ಎಲ್ಲಿಯೂ ಇರಲಿಲ್ಲ. ಈ ಮುದುಕಿಯ ತಲೆಯ ಮೇಲೂ ಆ ಒಂದು ತಾಸನ್ನು ಹೊರಿಸಿದ್ದಷ್ಟೇ ಆಗಿತ್ತು. ಇನ್ನು ಮೇಲೆ ಆ ಕೂಗನ್ನು ಅವಳೂ ಕೇಳಿಸಿಕೊಳ್ಳುತ್ತ ಮಲಗಬೇಕು. ಅದನ್ನೂ ಅವನು ಮೊದಲೇ ಯೋಚಿಸಿರಲಿಲ್ಲ.

ಪರಮೇಶಿ ಗೊಣಗುತ್ತ ಅಕ್ಷರದ ಅಳತೆ ತೆಗೆಯಲು ಒಳಗೆ ಪಟ್ಟಿ ಹುಡುಕತೊಡಗಿದ. ನೂರಜಾನಬಿ ಮತ್ತೆ ಕುರ್ಚಿಗೆ ಬಂದು ಕೂತಳು. ಅಂಗೈ ಬೆಳ್ಳಗಾಗಿತ್ತು. ಉಸಿರು ಜೋರಾಗಿತ್ತು. ಕಣ್ಣು ಮುಚ್ಚಿಕೊಂಡೇ, ಒಣಗಿದ ದನಿಯಲ್ಲಿ ಅಂದಳು:

"ಹನುಮೇಶಾ, ಒಂದೀಟು ನೀರು ಕೊಡು."

ಬೇಕೆಂದೇ ಅಂದಳೋ, ಬಿಸಿಲಿಗೆ ನಿಜವಾಗಿಯೇ ಬಾಯಾರಿತ್ತೋ, ಅವನಿಗೆ ತಿಳಿಯಲಿಲ್ಲ. ಮಡಕೆ ಶೆಡ್ಡಿನ ಮೂಲೆಯಲ್ಲಿತ್ತು. ಎಣಿಸಬಾರದೆಂದು ಎಷ್ಟು ಹೇಳಿಕೊಂಡರೂ ಕಾಲು ಎಣಿಸಿಕೊಂಡೇ ಹೋಯಿತು. ಒಂಬತ್ತು ಹೆಜ್ಜೆ. ಗ್ಲಾಸು ತೊಳೆದು ತುಂಬಿಸಿದ. ಬರುವಾಗ ಅರ್ಧ ನೀರು ಬೂಟಿನ ಮೇಲೆ ಚೆಲ್ಲಿತು. ನಿಂತು, ಮತ್ತೆ ಹಿಂದೆ ಹೋಗಿ ತುಂಬಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಅವಳು ಅವನ ಮುಖ ನೋಡದೆ ಇಸಿದುಕೊಂಡಳು. ಮೂರು ಸಲ ನಿಲ್ಲಿಸಿ, ನಿಧಾನವಾಗಿ, ತಳದವರೆಗೂ ಕುಡಿದಳು. ಗ್ಲಾಸು ವಾಪಸ್ಸು ಕೊಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಖಾಲಿ ಇತ್ತು. ಕುಂದರಪಾ ಎಂದು ಅವಳು ಹೇಳಲಿಲ್ಲ. ಹನುಮೇಶ ಗ್ಲಾಸು ಹಿಡಿದುಕೊಂಡು ನಿಂತೇ ಇದ್ದ.